ನೋವು ಹೋಯ್ತು ಅಂದ್ರೆ ಹಲ್ಲು ಉಳೀತು ಅಂತಲ್ಲ



ಹೋದ ವಾರದ ಸಭೆಗೆ ನಾನು ಯಾಕೆ ಬರಲಿಲ್ಲ, ಬಂದವನು ಭಾನುವಾರ ಯಾಕೆ ಮಾತಾಡಲಿಲ್ಲ ಅಂತ ತುಂಬಾ ಜನ ಕೇಳಿದ್ರಿ. ಮುನಿಸೂ ಇಲ್ಲ, ಬಣವೂ ಇಲ್ಲ. ಎಡಗಡೆ ಕೆಳದವಡೆ ಹಲ್ಲಿಗೆ ರೂಟ್ ಕೆನಾಲ್ ಆಯ್ತು, ಅಷ್ಟೇ. ಇಲ್ಲೇ ರಾಜರಾಜೇಶ್ವರಿನಗರದಲ್ಲಿ ಒಂದು ಕ್ಲಿನಿಕ್‌ನಲ್ಲಿ ಮಾಡಿಸಿಕೊಂಡೆ. ಆರ್ಚ್‌ನಿಂದ ಒಳಗೆ ಬಂದ್ರೆ ಹೆಜ್ಜೆಗೊಂದು ಹಲ್ಲಿನ ಕ್ಲಿನಿಕ್ ಬೋರ್ಡು ಕಾಣುತ್ತೆ. ಹಲ್ಲು ನೋವು ಬರೋವರೆಗೆ ಆ ಬೋರ್ಡು ನನಗೆ ಕಂಡಿರಲಿಲ್ಲ.

ಮುಗಿಸಿ ಎದ್ದಾಗ ಡಾಕ್ಟರು ಒಂದು ಚೀಟಿ ಕೊಟ್ಟರು. ವಿಶ್ರಾಂತಿ ತಗೊಳ್ಳಿ, ಮೆತ್ತಗಿನ ಆಹಾರ ತಿನ್ನಿ, ಆ ಕಡೆ ಅಗಿಯಬೇಡಿ, ಮುಂದಿನ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಬನ್ನಿ, ಹೀಗೆ ಎಂಟು ಸಾಲು. ಒಂದೂ ತಪ್ಪಿಲ್ಲ. ಆದರೆ ಆ ಚೀಟಿ ಓದ್ತಾ ನನಗೆ ನಮ್ಮ ರಸ್ತೆಯ ಅಕ್ಕ ಒಬ್ಬರು ನೆನಪಾದ್ರು. ಅವರಿಗೂ ಹೋದ ವರ್ಷ ಇಂಥದ್ದೇ ಚೀಟಿ ಸಿಕ್ಕಿತ್ತು. ಆ ಎಂಟು ಸಾಲಲ್ಲಿ ಒಂದನ್ನೂ ಪಾಲಿಸೋ ಸ್ಥಿತಿಯಲ್ಲಿ ಅವರಿರಲಿಲ್ಲ. ಅದಕ್ಕೇ ಈ ಬರಹ. ರೂಟ್ ಕೆನಾಲ್ ಆದ ಮೇಲೆ ಏನಾಗುತ್ತೆ, ಏನು ಮಾಡಬೇಕು ಅನ್ನೋದನ್ನ ನಮ್ಮ ಜನಕ್ಕೆ ಅರ್ಥ ಆಗೋ ಹಾಗೆ ಬರೀತೀನಿ. ಜೊತೆಗೆ, ಅದನ್ನ ಮಾಡೋಕೆ ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ, ಯಾಕೆ ಆಗಲ್ಲ ಅನ್ನೋದನ್ನೂ ಬರೀತೀನಿ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಅಕ್ಕನ ಕಥೆ. ಅವರು ಇಲ್ಲೇ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡ್ತಾರೆ. ಬೆಳಗ್ಗೆ ಏಳಕ್ಕೆ ಹಾಜರಿ. ಕೆಲಸ ಏಜೆನ್ಸಿ ಮೂಲಕ. ಹಲ್ಲು ನೋವು ಶುರುವಾಗಿ ಮೂರು ತಿಂಗಳು ಲವಂಗ ಕಚ್ಕೊಂಡು, ಆಮೇಲೆ ಹೊಗೆಸೊಪ್ಪು ಒತ್ತಿಕೊಂಡು, ಮೆಡಿಕಲ್ ಶಾಪಿನ ಮಾತ್ರೆ ನುಂಗಿ ದಿನ ದೂಡಿದ್ರು. ಒಂದು ರಾತ್ರಿ ಮುಖ ಊದಿಕೊಂಡಿತು. ಕೈಸಾಲ ಮಾಡಿ ಒಂದು ಕಡೆ ತೋರಿಸಿದ್ರು. ಡಾಕ್ಟರು ಹಲ್ಲು ತೆರೆದು, ಕೀವು ತೆಗೆದು, ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟು ಹಾಕಿ ಕಳಿಸಿದ್ರು. ಇನ್ನೂ ಎರಡು ಸಲ ಬರಬೇಕು, ಕೊನೆಗೆ ಕ್ಯಾಪ್ ಹಾಕಬೇಕು ಅಂದ್ರು.

ಎರಡನೇ ದಿನಕ್ಕೆ ನೋವು ಮಾಯ. ಅಕ್ಕ ಮತ್ತೆ ಹೋಗಲಿಲ್ಲ.

"ಯಾಕಕ್ಕ ಹೋಗಲಿಲ್ಲ?" ಅಂತ ಕೇಳಿದ್ದೆ. "ನೋವೇ ಇರಲಿಲ್ವಲ್ಲಣ್ಣ. ಇಲ್ಲದ ನೋವಿಗೆ ಒಂದು ದಿನದ ಸಂಬಳ ಯಾಕೆ ಕಳ್ಕೊಳ್ಲಿ?" ಅಂದ್ರು. ಆ ಲೆಕ್ಕದಲ್ಲಿ ನನಗೆ ತಪ್ಪು ಹುಡುಕೋಕೆ ಆಗಲಿಲ್ಲ. ಸಿಮೆಂಟು ಯಾವಾಗ ಉದುರಿತೋ ಅವರಿಗೇ ಗೊತ್ತಿಲ್ಲ. ಐದಾರು ತಿಂಗಳಾದ ಮೇಲೆ ಒಂದು ದಿನ ಕಡಲೆಕಾಯಿ ತಿನ್ನುವಾಗ ಹಲ್ಲು ಬೇರಿನವರೆಗೂ ಸೀಳಿತು. ಆಮೇಲೆ ಕೀಳೋದು ಬಿಟ್ಟು ಬೇರೆ ದಾರಿ ಇರಲಿಲ್ಲ. ಕೊಟ್ಟ ಸಾಲದ ದುಡ್ಡೂ ಹೋಯ್ತು, ಹಲ್ಲೂ ಹೋಯ್ತು. ಈಗ ಇನ್ನೊಂದು ಕಡೆಯ ಹಲ್ಲು ಶುರುವಾಗಿದೆ.

ಈ ಕಥೆ ನಿಮ್ಮ ಮನೆಯಲ್ಲೂ ನಡೆದಿರುತ್ತೆ. ಅದಕ್ಕೇ ವಿಷಯ ಸರಿಯಾಗಿ ತಿಳ್ಕೊಳ್ಳೋಣ.

ರೂಟ್ ಕೆನಾಲ್ ಅಂದ್ರೆ ಏನು? ಹಲ್ಲಿನ ಮೇಲ್ಪದರ ಗಟ್ಟಿ. ಒಳಗೆ ಮೆತ್ತಗಿನ ತಿರುಳು ಇರುತ್ತೆ, ಅದರಲ್ಲಿ ನರ, ರಕ್ತನಾಳ ಇರ್ತವೆ. ಆ ತಿರುಳು ಸಣ್ಣ ನಾಳಗಳಲ್ಲಿ ಬೇರಿನ ತುದಿಯವರೆಗೂ ಇಳಿದಿರುತ್ತೆ. ಹುಳುಕು ಒಳಗೆ ಇಳಿದು ತಿರುಳಿಗೆ ಸೋಂಕು ತಗುಲಿದ್ರೆ ಅದು ತಾನಾಗಿ ವಾಸಿ ಆಗಲ್ಲ. ಆಗ ಎರಡೇ ದಾರಿ. ಹಲ್ಲನ್ನೇ ಕೀಳೋದು, ಇಲ್ಲ ಒಳಗಿನ ಸೋಂಕಿನ ತಿರುಳು ತೆಗೆದು, ನಾಳಗಳನ್ನ ಸಣ್ಣ ಫೈಲುಗಳಿಂದ ಉಜ್ಜಿ, ತೊಳೆದು, ರಬ್ಬರಿನಂಥ ವಸ್ತು ತುಂಬಿ ಮುಚ್ಚೋದು. ಆ ವಸ್ತುವಿಗೆ ಗಟ್ಟಾ ಪರ್ಚಾ ಅಂತಾರೆ. ಈ ಎರಡನೇದೇ ರೂಟ್ ಕೆನಾಲ್. ಒಂದೇ ಸಲಕ್ಕೂ ಮುಗೀಬಹುದು, ಎರಡು ಮೂರು ಸಲವೂ ಆಗಬಹುದು. ಎಷ್ಟು ನಾಳ ಇದೆ, ಕೀವು ಎಷ್ಟಿದೆ ಅನ್ನೋದರ ಮೇಲೆ ಹೋಗುತ್ತೆ.

ಮಾಡುವಾಗ ನೋವಾಗುತ್ತಾ? ಇಂಜೆಕ್ಷನ್ ಚುಚ್ಚೋ ಹೊತ್ತು ಬಿಟ್ರೆ ನನಗೆ ಆಗಲಿಲ್ಲ. ಜೋಮು ಹಿಡಿಯೋವರೆಗೂ ಡಾಕ್ಟರು ಕಾಯ್ತಾರೆ. ನೋವಾದ್ರೆ ಕೈ ಎತ್ತಿ, ಮತ್ತೆ ಇಂಜೆಕ್ಷನ್ ಕೊಡ್ತಾರೆ. ಅಲ್ಲಿ ಸಹಿಸ್ಕೊಂಡು ಕೂರೋ ಅಗತ್ಯ ಇಲ್ಲ. ನಮ್ಮವರಿಗೆ ಸಹಿಸ್ಕೊಳ್ಳೋದು ಅಭ್ಯಾಸ ಆಗಿಬಿಟ್ಟಿದೆ, ಅದಕ್ಕೆ ಹೇಳ್ತಿದೀನಿ.

ಇನ್ನು ಮಾಡಿಸ್ಕೊಂಡ ಮೇಲಿನ ವಿಷಯ.

ಮೊದಲ ಎರಡರಿಂದ ನಾಲ್ಕು ಗಂಟೆ ತುಟಿ, ಕೆನ್ನೆ, ನಾಲಿಗೆ ಜೋಮು ಹಿಡಿದಿರುತ್ತೆ. ಕೆಳದವಡೆ ಆದ್ರೆ ಸ್ವಲ್ಪ ಜಾಸ್ತಿ ಹೊತ್ತು. ಆಗ ಏನೂ ಅಗಿದು ತಿನ್ನಬೇಡಿ. ಕೆನ್ನೆ ಕಚ್ಚಿಕೊಂಡ್ರೂ ಗೊತ್ತಾಗಲ್ಲ. ಬಿಸಿ ಕಾಫಿ, ಟೀ ಕೂಡ ಬೇಡ, ಸುಟ್ಟರೂ ತಿಳಿಯಲ್ಲ. ಮಕ್ಕಳಿಗೆ ಹಲ್ಲಿನ ಚಿಕಿತ್ಸೆ ಆಗಿದ್ರೆ ಅವರ ಮೇಲೆ ಕಣ್ಣಿಡಿ, ತುಟಿ ಕಡ್ಕೊಂಡು ಹುಣ್ಣು ಮಾಡ್ಕೊಳ್ತಾರೆ.

ಜೋಮು ಬಿಟ್ಟ ಮೇಲೆ ನೋವು ಬರುತ್ತೆ. ಹೆದರಬೇಡಿ. "ನರ ತೆಗೆದ ಮೇಲೂ ನೋವು ಯಾಕೆ?" ಅಂತ ನಾನೂ ಕೇಳಿದೆ. ಹಲ್ಲಿನ ಒಳಗಿನ ನರ ಹೋಗಿದೆ, ನಿಜ. ಆದರೆ ಬೇರಿನ ಸುತ್ತ ಇರೋ ಎಲುಬು, ಹಲ್ಲನ್ನ ಎಲುಬಿಗೆ ಕಟ್ಟಿಹಿಡಿದಿರೋ ನಾರು ಜೀವಂತವಾಗಿದೆ. ಸೋಂಕಿನಿಂದ ಮೊದಲೇ ಕೆಂಡವಾಗಿದ್ದ ಜಾಗ ಅದು, ಚಿಕಿತ್ಸೆಯಿಂದ ಇನ್ನೊಂದಿಷ್ಟು ಕೆರಳಿರುತ್ತೆ. ಅದಕ್ಕೇ ಹಲ್ಲು ಕಚ್ಚಿದಾಗ ಮಂದವಾಗಿ ನೋಯುತ್ತೆ. ಮೊದಲ ಎರಡು ಮೂರು ದಿನ ಜಾಸ್ತಿ, ಆಮೇಲೆ ದಿನದಿನಕ್ಕೆ ಇಳೀಬೇಕು. ಒಂದು ವಾರದ ಆಸುಪಾಸು ಸಣ್ಣಗೆ ಉಳೀಬಹುದು. ಬಾಯಿ ತುಂಬಾ ಹೊತ್ತು ತೆಗೆದು ಕೂತಿದ್ದಕ್ಕೆ ದವಡೆ ಹಿಡ್ಕೊಂಡ ಹಾಗೂ ಆಗುತ್ತೆ. ಇಂಜೆಕ್ಷನ್ ಚುಚ್ಚಿದ ಜಾಗವೂ ನೋಯುತ್ತೆ. ಇದೆಲ್ಲ ಸಹಜ.

ನೆನಪಿಡಬೇಕಾದ್ದು ಒಂದು: ನೋವು ಇಳೀತಾ ಇರಬೇಕು. ದಿನಕ್ಕೊಂದಿಷ್ಟು ಕಮ್ಮಿ ಆಗ್ತಿದ್ರೆ ಸರಿ. ಏರ್ತಾ ಇದ್ರೆ ಸರಿಯಲ್ಲ, ಫೋನ್ ಮಾಡಿ, ಹೋಗಿ ತೋರಿಸಿ.

ಬಾಯಿ ಮುಚ್ಚಿದಾಗ ಆ ಒಂದೇ ಹಲ್ಲು ಮೊದಲು ತಾಗ್ತಿದೆ, ಎತ್ತರ ಆಗಿದೆ ಅನ್ನಿಸಿದ್ರೆ ಅದನ್ನೂ ಹೇಳಿ. ಮೇಲಿನ ಸಿಮೆಂಟನ್ನ ಒಂದಿಷ್ಟು ಉಜ್ಜಿ ಸರಿ ಮಾಡ್ತಾರೆ, ಐದು ನಿಮಿಷದ ಕೆಲಸ. ಹೇಳದೆ ಸುಮ್ಮನಿದ್ರೆ ಊಟದ ಹೊತ್ತೆಲ್ಲ ಆ ಹಲ್ಲಿಗೇ ಏಟು ಬಿದ್ದು ನೋವು ನಿಲ್ಲೋದೇ ಇಲ್ಲ.

ಮಾತ್ರೆ ವಿಷಯ. ಡಾಕ್ಟರು ಬರೆದ ನೋವಿನ ಮಾತ್ರೆ ಹೇಳಿದ ಹೊತ್ತಿಗೆ ತಗೊಳ್ಳಿ, ಹೊಟ್ಟೆ ಖಾಲಿ ಇಟ್ಕೊಂಡು ತಗೋಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ರೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ, ಗರ್ಭಿಣಿ ಆಗಿದ್ರೆ ಮೊದಲೇ ಹೇಳಿ. ಡಾಕ್ಟರು ಕೊಟ್ಟಿದ್ದರ ಮೇಲೆ ಮೆಡಿಕಲ್ ಶಾಪಿನವರು ಕೊಟ್ಟ ಇನ್ನೊಂದು ನೋವಿನ ಮಾತ್ರೆ ಸೇರಿಸಬೇಡಿ. ಆಂಟಿಬಯಾಟಿಕ್ ಪ್ರತಿ ರೂಟ್ ಕೆನಾಲ್‌ಗೂ ಬೇಕಾಗಲ್ಲ. ಊತ ಹರಡ್ತಿದ್ರೆ, ಜ್ವರ ಇದ್ರೆ ಡಾಕ್ಟರು ಬರೀತಾರೆ. ಬರೆದ್ರೆ ಹೇಳಿದಷ್ಟು ದಿನ ತಗೊಳ್ಳಿ. ಬರೀದಿದ್ರೆ ನೀವೇ ಕೇಳಿ ತಗೋಬೇಡಿ. ನೋವಿನ ಮಾತ್ರೆಯನ್ನ ಪುಡಿ ಮಾಡಿ ವಸಡಿಗೆ ಇಡೋದು, ಲವಂಗದೆಣ್ಣೆ ಸುರಿಯೋದು ಬೇಡವೇ ಬೇಡ, ವಸಡು ಸುಡುತ್ತೆ. ಸಕ್ಕರೆ ಕಾಯಿಲೆ ಇರೋರಿಗೆ ವಾಸಿ ಆಗೋದು ನಿಧಾನ, ಸೋಂಕು ಬೇಗ ಹರಡುತ್ತೆ. ಅವರು ಸಕ್ಕರೆ ಅಳತೆಯಲ್ಲಿ ಇಟ್ಕೊಳ್ಳೋದೂ ಈ ಚಿಕಿತ್ಸೆಯ ಭಾಗವೇ.

ಊಟ. ಚೀಟಿಯಲ್ಲಿ ಸೂಪು, ಕಸ್ಟರ್ಡು, ಓಟ್ಸ್ ಅಂತ ಬರೆದಿತ್ತು. ನಾನು ನಕ್ಕೆ. ಹಲ್ಲಿನ ಚಿಕಿತ್ಸೆ ಆದವರಿಗೆ ಮುದ್ದೆಗಿಂತ ಒಳ್ಳೇ ಊಟ ಯಾವ ದೇಶದಲ್ಲಿದೆ ಹೇಳಿ! ಮುದ್ದೆ ನುಂಗೋದು, ಅಗಿಯೋದಲ್ಲ. ಹದವಾಗಿ ಆರಿದ ಮುದ್ದೆ, ಖಾರ ಕಮ್ಮಿ ಮಾಡಿದ ಬಸ್ಸಾರು. ಮೂರು ದಿನ ಅದನ್ನೇ ಉಂಡೆ. ಗಂಜಿ, ಮೊಸರನ್ನ, ಉಪ್ಪಿಟ್ಟು, ಬೇಯಿಸಿದ ಮೊಟ್ಟೆ ಎಲ್ಲಾ ಆಗುತ್ತೆ. ಕಾಲು ಸೂಪು ಕುಡೀಬಹುದು, ಮೂಳೆ ಕಡಿಯೋ ಹಾಗಿಲ್ಲ. ಕ್ಯಾಪ್ ಹಾಕೋವರೆಗೆ ಆ ಕಡೆ ಚಕ್ಕುಲಿ, ಕಡಲೆಕಾಯಿ, ಅಂಟೋ ಮಿಠಾಯಿ ಏನೂ ಬೇಡ. ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿ, ಗುಟ್ಕಾ ಬಿಡಿ. ವಾಸಿ ಆಗೋದನ್ನ ಅವು ತಡೀತವೆ. ಬಾಯಿ ಕ್ಯಾನ್ಸರಿನ ವಿಷಯ ಬೇರೆಯೇ ಇದೆ, ಅದು ಎಲ್ಲರಿಗೂ ಗೊತ್ತು. ಹಲ್ಲುಜ್ಜೋದು ಮಾತ್ರ ನಿಲ್ಲಿಸಬೇಡಿ, ಮೆತ್ತಗಿನ ಬ್ರಷ್ಷಿನಲ್ಲಿ ಆ ಹಲ್ಲನ್ನೂ ಉಜ್ಜಿ. ಉಗುರು ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ.

ಈಗ ಅಪಾಯದ ಗುರುತುಗಳು. ಇದನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ. ಊತ ದವಡೆ ಕೆಳಗೆ, ಕುತ್ತಿಗೆಗೆ ಅಥವಾ ಕಣ್ಣಿನ ಕಡೆಗೆ ಹರಡ್ತಿದ್ರೆ, ಬಾಯಿ ತೆಗೆಯೋಕೆ ಆಗದಿದ್ರೆ, ಎಂಜಲು ನುಂಗೋಕೆ ಕಷ್ಟ ಆದ್ರೆ, ನಾಲಿಗೆ ಮೇಲಕ್ಕೆ ಎತ್ತಿದ ಹಾಗಾದ್ರೆ, ಉಸಿರು ಕಟ್ಟಿದ್ರೆ, ಜ್ವರ ಏರಿದ್ರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಕೆಳದವಡೆ ಹಲ್ಲಿನ ಸೋಂಕು ನಾಲಿಗೆ ಕೆಳಗಿನ ಜಾಗಕ್ಕೆ, ಗಂಟಲಿಗೆ ಇಳಿದು ಉಸಿರುದಾರಿ ಮುಚ್ಚಿ ಜೀವ ತೆಗೆಯುತ್ತೆ. ಇದು ಚಿಕಿತ್ಸೆ ಆದವರಿಗಿಂತ, ಚಿಕಿತ್ಸೆ ಮಾಡಿಸದೆ ಮಾತ್ರೆ ನುಂಗಿ ದಿನ ದೂಡೋರಲ್ಲಿ ಆಗೋದೇ ಜಾಸ್ತಿ. ಹಲ್ಲು ನೋವಿನಿಂದ ಯಾರೂ ಸಾಯಲ್ಲ ಅನ್ನೋ ಮಾತು ಸುಳ್ಳು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದ್ದು. ನೋವು ಹೋಯ್ತು ಅಂದ್ರೆ ಚಿಕಿತ್ಸೆ ಮುಗೀತು ಅಂತಲ್ಲ. ತಾತ್ಕಾಲಿಕ ಸಿಮೆಂಟು ಹೆಸರಿಗೆ ತಕ್ಕ ಹಾಗೆ ತಾತ್ಕಾಲಿಕ. ಮೇಲ್ಮೇಲೆ ಒಂದಿಷ್ಟು ಸವೆದ್ರೆ ಪರವಾಗಿಲ್ಲ. ಪೂರ್ತಿ ಉದುರಿದ್ರೆ ಎಂಜಲಿನ ಜೊತೆ ಸೋಂಕು ಮತ್ತೆ ಒಳಗೆ ಇಳಿಯುತ್ತೆ, ಮಾಡಿದ್ದೆಲ್ಲ ನೀರಲ್ಲಿ ಹೋಮ. ದವಡೆ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಬೇಕೇ ಬೇಕು. ಹುಳುಕು ತಿಂದು, ಡಾಕ್ಟರು ಕೊರೆದು ಒಳಗೆ ಟೊಳ್ಳಾದ ಹಲ್ಲು ಅದು. ಅಗಿಯೋ ಭಾರಕ್ಕೆ ಸೀಳುತ್ತೆ. ಅಕ್ಕನ ಹಲ್ಲು ಸೀಳಿದ್ದು ಹಾಗೇ. ಮುಂದಿನ ಹಲ್ಲಿಗೆ ಕೆಲವು ಸಲ ಬರೀ ಫಿಲ್ಲಿಂಗ್ ಸಾಕಾಗುತ್ತೆ. ಕ್ಯಾಪ್ ಕೆಲಸವನ್ನ ತಿಂಗಳುಗಟ್ಟಲೆ ಮುಂದೂಡಬೇಡಿ. ಸರಿಯಾಗಿ ಮಾಡಿ ಮುಚ್ಚಿದ ಹಲ್ಲು ವರ್ಷಗಟ್ಟಲೆ ಬಾಳುತ್ತೆ. ಕೆಲವು ಕೈಕೊಡುತ್ತವೆ, ಅದೂ ನಿಜ. ತಿಂಗಳುಗಳಾದ ಮೇಲೆ ವಸಡಿನ ಮೇಲೆ ಗುಳ್ಳೆ ಎದ್ದು ಕೀವು ಬಂದ್ರೆ ಒಳಗೆ ಸೋಂಕು ಉಳಿದಿದೆ ಅಂತ ಅರ್ಥ. ಮತ್ತೆ ತೆರೆದು ಮಾಡಬಹುದು. ನಿಮ್ಮ ಎಕ್ಸ್‌ರೇ ಪ್ರತಿ ಕೇಳಿ ಇಸ್ಕೊಂಡು ಇಟ್ಕೊಳ್ಳಿ, ಅದು ನಿಮ್ಮದು.

ನಮ್ಮಲ್ಲಿ ಓಡಾಡೋ ಎರಡು ಸುಳ್ಳು. ಒಂದು, ಮೇಲಿನ ಹಲ್ಲು ಮುಟ್ಟಿದ್ರೆ ಕಣ್ಣು ಮಂಜಾಗುತ್ತೆ ಅನ್ನೋದು. ಹಲ್ಲಿನ ನರಕ್ಕೂ ಕಣ್ಣಿನ ದೃಷ್ಟಿಯ ನರಕ್ಕೂ ಸಂಬಂಧ ಇಲ್ಲ. ನಮ್ಮಜ್ಜಿ ಕಾಲದವರಿಗೆ ಹಲ್ಲು ಹೋಗೋ ವಯಸ್ಸಿಗೇ ಪೊರೆಯೂ ಬರ್ತಿತ್ತು, ಎರಡನ್ನೂ ಗಂಟು ಹಾಕಿದ್ರು. ಇನ್ನೊಂದು, ರೂಟ್ ಕೆನಾಲ್ ಮಾಡಿಸಿದ್ರೆ ಕ್ಯಾನ್ಸರ್ ಬರುತ್ತೆ ಅನ್ನೋ ವಾಟ್ಸಾಪ್ ಫಾರ್ವರ್ಡು. ನೂರು ವರ್ಷದ ಹಿಂದಿನ, ಆಮೇಲೆ ವೈದ್ಯಲೋಕ ಕೈಬಿಟ್ಟ ಒಂದು ವಾದವನ್ನ ಹಿಡ್ಕೊಂಡು ಹಬ್ಬಿಸ್ತಿರೋ ಮಾತು ಅದು. ಬಾಯಿ ಕ್ಯಾನ್ಸರಿನ ದೊಡ್ಡ ಕಾರಣ ಅಂಗಡಿ ಮುಂದೆ ಸರ ಸರವಾಗಿ ತೂಗಾಡ್ತಿರುತ್ತೆ, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ.

ಇಷ್ಟು ವೈದ್ಯಕೀಯ ಆಯ್ತು. ಇನ್ನು ನನ್ನ ಮಾತು.

ನಮ್ಮ ಹಟ್ಟಿಗಳಲ್ಲಿ, ಕೇರಿಗಳಲ್ಲಿ ನಲವತ್ತೈದು ಐವತ್ತಕ್ಕೆ ಅರ್ಧ ಬಾಯಿ ಖಾಲಿ ಆದವರನ್ನ ನೋಡ್ತಾ ಬೆಳೆದಿದೀನಿ. ಅದು ವಯಸ್ಸು ಅಂದ್ಕೊಂಡಿದ್ದೆ. ಈಗ ರಾಜರಾಜೇಶ್ವರಿನಗರದ ಪಾರ್ಕಲ್ಲಿ ಎಪ್ಪತ್ತು ದಾಟಿದ ನಿವೃತ್ತ ಅಧಿಕಾರಿಗಳು ಕಡಲೆಕಾಯಿ ಕಟುಕುಟು ಅಂತ ತಿನ್ನೋದನ್ನ ನೋಡ್ತೀನಿ. ಹಲ್ಲು ಹೋಗೋದು ವಯಸ್ಸಿನಿಂದ ಮಾತ್ರ ಅಲ್ಲ. ಹಲ್ಲು ಉಳಿಸ್ಕೊಳ್ಳೋಕೆ ದುಡ್ಡು, ಪುರುಸೊತ್ತು, ಹತ್ತಿರದಲ್ಲಿ ಡಾಕ್ಟರು ಮೂರೂ ಬೇಕು. ಪಾವಗಡ, ಬಾಗೇಪಲ್ಲಿ ಕಡೆಯ ನಮ್ಮ ಜನರನ್ನ ನೋಡಿ. ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡಿದು ಚಿಕ್ಕ ಮಕ್ಕಳ ಹಲ್ಲು ಕಂದು ಬಣ್ಣ ಆಗಿವೆ. ಒಳ್ಳೇ ನೀರು ಯಾರ ಮನೆಗೆ ಮೊದಲು ಬರುತ್ತೆ, ಯಾರ ಕೇರಿಗೆ ಕೊನೆಗೆ ಬರುತ್ತೆ ಅನ್ನೋದು 1927ರ ಮಹಾಡ್‌ನಿಂದ ನಾವು ಕೇಳ್ತಿರೋ ಪ್ರಶ್ನೆ. ಅದರ ಉತ್ತರ ನಮ್ಮ ಮಕ್ಕಳ ಹಲ್ಲಿನ ಮೇಲೇ ಬರೆದಿದೆ.

ಹಲ್ಲಿನ ಕಾಯಿಲೆ ಅಪರೂಪದ್ದೂ ಅಲ್ಲ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನಕ್ಕೆ ಬಾಯಿಯ ಯಾವುದಾದರೂ ಕಾಯಿಲೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತೆ. ಇಷ್ಟು ಜನಕ್ಕೆ ಇರೋ ಕಾಯಿಲೆಯನ್ನ ನಮ್ಮ ಆರೋಗ್ಯ ವ್ಯವಸ್ಥೆ ಸೌಂದರ್ಯದ ವಿಷಯ ಅನ್ನೋ ಹಾಗೆ ಪಕ್ಕಕ್ಕಿಟ್ಟಿದೆ.

ಲೆಕ್ಕ ನೋಡಿ. ನನಗೆ ಚಿಕಿತ್ಸೆಗೆ ಐದು ಸಾವಿರ, ಕ್ಯಾಪ್‌ಗೆ ಆರು ಸಾವಿರ ಆಗುತ್ತೆ. ಹಲ್ಲು ಕೀಳಿಸೋಕೆ ಕೆಲವು ನೂರು ಸಾಕು, ಒಂದೇ ಸಲಕ್ಕೆ ಮುಗಿಯುತ್ತೆ. ದಿನಗೂಲಿಯವರು ಯಾವುದನ್ನ ಆರಿಸ್ತಾರೆ? "ಕಿತ್ತಾಕಿಬಿಡಿ ಸಾರ್" ಅನ್ನೋ ನಮ್ಮವರ ಮಾತನ್ನ ಕೆಲವು ಡಾಕ್ಟರುಗಳು ಅಜ್ಞಾನ ಅಂದ್ಕೊಳ್ತಾರೆ. ಅದು ಅಜ್ಞಾನ ಅಲ್ಲ, ಕೈಯಲ್ಲಿರೋ ದುಡ್ಡಿನ ಲೆಕ್ಕ. ಇನ್ನು ಕೆಲವರು ಬಟ್ಟೆ, ಕೈಕಾಲು ನೋಡಿ ಉಳಿಸೋ ದಾರಿಯನ್ನ ಹೇಳೋದೇ ಇಲ್ಲ. ಕೇಳಿ: "ಈ ಹಲ್ಲು ಉಳಿಸೋಕೆ ಆಗುತ್ತಾ?" ಈ ಪ್ರಶ್ನೆ ಕೇಳದೆ ಯಾವ ಹಲ್ಲನ್ನೂ ಕೀಳಿಸಬೇಡಿ.

ಸಿದ್ದರಾಮಯ್ಯನವರ ಮೊದಲ ಸರ್ಕಾರದಲ್ಲಿ ದಂತಭಾಗ್ಯ ಅನ್ನೋ ಯೋಜನೆ ಬಂತು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು. ಒಳ್ಳೇ ಯೋಜನೆ, ಅದರಿಂದ ಊಟ ಮಾಡೋ ಹಾಗಾದ ಅಜ್ಜ ಅಜ್ಜಿಯರನ್ನ ನಾನೇ ನೋಡಿದೀನಿ. ಆದರೆ ಯೋಚನೆ ಮಾಡಿ. ಬಡವರ ಬಾಯಿಗೆ ಸರ್ಕಾರದ ದೊಡ್ಡ ಯೋಜನೆ ಬಂದದ್ದು ಹಲ್ಲೆಲ್ಲ ಹೋದ ಮೇಲೆ. ನಲವತ್ತರಲ್ಲಿ ಒಂದು ಹಲ್ಲಿಗೆ ಕ್ಯಾಪ್ ಹಾಕಿದ್ರೆ ಅರವತ್ತರಲ್ಲಿ ಸೆಟ್ಟಿನ ಅಗತ್ಯ ಎಷ್ಟೋ ಜನಕ್ಕೆ ಬರೋದೇ ಇಲ್ಲ. ಭಾಗ್ಯ ಅಂದ್ರೆ ಅದು.

ಇನ್ನೊಂದು ವಿಷಯ, ಕುರ್ಚಿಯಲ್ಲಿ ಮಲಗಿದ್ದಾಗ ತಲೆಯಲ್ಲಿ ಓಡಿದ್ದು. ಹಲ್ಲಿನ ಡಾಕ್ಟರು ಐದು ನಿಮಿಷಕ್ಕೊಮ್ಮೆ "ಉಗೀರಿ" ಅಂತಾರೆ. ಪಕ್ಕದಲ್ಲೇ ಬೋಗುಣಿ, ನೀರು ಸುತ್ತ ಹರೀತಿರುತ್ತೆ. ಬಾಬಾಸಾಹೇಬರು 1936ರ ಜಾತಿ ವಿನಾಶದಲ್ಲಿ ಪೇಶ್ವೆಗಳ ಪುಣೆಯ ಬಗ್ಗೆ ಬರೆದಿದ್ದು ನೆನಪಾಯ್ತು. ಅಲ್ಲಿ ಅಸ್ಪೃಶ್ಯರು ಉಗುಳು ನೆಲಕ್ಕೆ ಬೀಳಬಾರದು ಅಂತ ಕುತ್ತಿಗೆಗೆ ಮಣ್ಣಿನ ಕುಡಿಕೆ ಕಟ್ಕೊಂಡು ಓಡಾಡಬೇಕಿತ್ತು. ನಮ್ಮ ಎಂಜಲಿಗೆ ಅಷ್ಟು ಹೆದರಿದ ದೇಶದಲ್ಲಿ, ಇವತ್ತು ಯಾರೋ ಕೈಗವಸು ಹಾಕ್ಕೊಂಡು ನನ್ನ ಬಾಯಿಯೊಳಗೆ ಬೆರಳಿಟ್ಟು ಒಂದು ಗಂಟೆ ಕೆಲಸ ಮಾಡಿದ್ರು. ಹೆಸರು, ಊರು ಬಿಟ್ಟು ಏನೂ ಕೇಳಲಿಲ್ಲ. ಕಾಲ ಬದಲಾಗಿದೆ, ಒಪ್ತೀನಿ. ಸಂವಿಧಾನ ಬದಲಾಯಿಸಿದ್ದು ಅದು.

ಆದರೆ ನಾನು ಎದ್ದ ಮೇಲೆ ಆ ಬೋಗುಣಿ ತೊಳೆಯೋಕೆ ಬಂದ ಆಯಾ ಅಮ್ಮ ಯಾರು ಅಂತ ಮಾತಾಡಿಸಿದ್ರೆ ತಿಳೀತು, ನಮ್ಮವರೇ. ನಾನು ಉಗಿದ ರಕ್ತ, ಎಂಜಲು, ಹತ್ತಿ ಎಲ್ಲ ಬಳಿಯೋದು ಅವರೇ. ಅವರ ಮುಂದಿನ ಎರಡು ಹಲ್ಲು ಇರಲಿಲ್ಲ. ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡೀತಿದ್ರು. ಹಲ್ಲಿನ ಕ್ಲಿನಿಕ್‌ನಲ್ಲೇ ದಿನವಿಡೀ ದುಡಿಯೋ ಹೆಣ್ಣುಮಗಳಿಗೆ ಹಲ್ಲು ಕಟ್ಟಿಸಿಕೊಳ್ಳೋಕೆ ಆಗಿಲ್ಲ. ಉಗುಳಿನ ಕುಡಿಕೆ ಕುತ್ತಿಗೆಯಿಂದ ಇಳಿದಿದೆ, ಕೈಯಿಂದ ಇನ್ನೂ ಇಳಿದಿಲ್ಲ.

ಹಾಗಾದ್ರೆ ಏನು ಮಾಡೋದು? ಎರಡು ದಾರಿ ಹೇಳ್ತೀನಿ, ಇವತ್ತೇ ಬಳಸೋ ಹಾಗಿರೋದು.

ಒಂದು, ಸರ್ಕಾರಿ ದಂತ ವೈದ್ಯಕೀಯ ಕಾಲೇಜು. ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದೆ, 1958ರಿಂದ ಇದೆ. ರಾಜರಾಜೇಶ್ವರಿನಗರದಿಂದ ನೇರಳೆ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆ ಆದ ಮೇಲೆ ಕೆ.ಆರ್. ಮಾರ್ಕೆಟ್‌ನಲ್ಲಿ ಇಳೀರಿ. ಇಲ್ಲ ಮೈಸೂರು ರಸ್ತೆಯಲ್ಲಿ ಮಾರ್ಕೆಟ್ ಬಸ್ಸು ಹತ್ತಿ, ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಆಧಾರ್, ಬಿಪಿಎಲ್ ಕಾರ್ಡು ಇಟ್ಕೊಳ್ಳಿ, ರಿಯಾಯಿತಿ ಕೇಳಿ. ಖಾಸಗಿಗೆ ಹೋಲಿಸಿದ್ರೆ ಖರ್ಚು ತೀರಾ ಕಮ್ಮಿ. ಓದ್ತಿರೋ ಡಾಕ್ಟರುಗಳು ಹಿರಿಯರ ಕಣ್ಣಡಿಯಲ್ಲಿ ಮಾಡ್ತಾರೆ, ಅದಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತೆ, ಸಲಗಳೂ ಜಾಸ್ತಿ ಆಗಬಹುದು. ಕೆಲಸ ಕಳಪೆ ಅಂತ ಅಂದ್ಕೋಬೇಡಿ. ಒಂದು ಕಿವಿಮಾತು: ಹಲ್ಲು ಕೀಳೋ ವಿಭಾಗ ಬೇರೆ, ಉಳಿಸೋ ವಿಭಾಗ ಬೇರೆ. ಉಳಿಸೋದಕ್ಕೆ ಕನ್ಸರ್ವೇಟಿವ್ ಅಥವಾ ಎಂಡೋಡಾಂಟಿಕ್ಸ್ ಅಂತಾರೆ. ಮೊದಲ ತಪಾಸಣೆಯಲ್ಲೇ ಆ ಹೆಸರು ಹೇಳಿ ಕೇಳಿ.

ಎರಡು, ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಗಾರ್ಮೆಂಟ್ಸ್ ಕಾರ್ಮಿಕರು ಇದರೊಳಗೆ ಬರ್ತಾರೆ. ನಿಮ್ಮ ಸಂಬಳದಲ್ಲಿ ನೂರಕ್ಕೆ 75 ಪೈಸೆ, ಮಾಲೀಕರಿಂದ ನೂರಕ್ಕೆ 3 ರೂಪಾಯಿ 25 ಪೈಸೆ ಕಟ್ಟಬೇಕು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಮಗೆ ದೂರವಲ್ಲ. ಇನ್ನೂ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅರ್ಹತೆ ಇದ್ದು, ಇಎಸ್‌ಐ ಡಾಕ್ಟರು ಕೆಲಸಕ್ಕೆ ಹೋಗಬಾರದು ಅಂತ ಸರ್ಟಿಫಿಕೇಟ್ ಕೊಟ್ರೆ, ಕಾಯಿಲೆಯ ದಿನಗಳಿಗೆ ಸಂಬಳದ 70 ಭಾಗ ಸಿಗುತ್ತೆ, ವರ್ಷಕ್ಕೆ 91 ದಿನದವರೆಗೆ. ಆದರೆ ಅದರಲ್ಲಿ ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಮುಖ ಊದಿ ವಾರ ಮಲಗಿದವರಿಗೆ ಅದು ಆಸರೆ. ಒಂದೊಂದೇ ಅರ್ಧ ದಿನ ಹಲ್ಲಿಗೆ ಹೋಗಿ ಬರೋರಿಗೆ ಆಗಲ್ಲ. ಆ ಅರ್ಧ ದಿನಕ್ಕಾಗಿ ನಾವು ಬೇರೆಯೇ ಹೋರಾಡಬೇಕು.

ಇದು ಯಾರ ಭಿಕ್ಷೆಯೂ ಅಲ್ಲ. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ಕೊಳ್ತಿದ್ದಾಗ, ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆ ಬಗ್ಗೆ ಪ್ರೊ. ಬಿ.ಪಿ. ಅದಾರ್ಕರ್ 1944ರಲ್ಲಿ ವರದಿ ಕೊಟ್ರು. ಅದರ ಬುನಾದಿ ಮೇಲೇ 1948ರ ಇಎಸ್‌ಐ ಕಾಯ್ದೆ ಬಂತು. ಅಕ್ಕನ ಸಂಬಳದ ಚೀಟಿ ತರಿಸಿ ನೋಡಿದೆ. ಇಎಸ್‌ಐ ಅಂತ ಪ್ರತಿ ತಿಂಗಳೂ ಕಟ್ ಆಗ್ತಿದೆ. ಕಾರ್ಡು ಅವರ ಕೈಗೆ ಬಂದಿಲ್ಲ. ಬಂದಿಲ್ಲ ಅನ್ನೋದು ಅವರಿಗೆ ಗೊತ್ತೂ ಇರಲಿಲ್ಲ. ಹೋದ ವರ್ಷ ಕೈಸಾಲ ಮಾಡಿ ಕಳ್ಕೊಂಡ ಹಲ್ಲಿಗೆ ಅವರು ಮೊದಲೇ ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಿದ್ರು! ನಿಮ್ಮ ಮನೆಯವರ ಸಂಬಳದ ಚೀಟಿ ಇವತ್ತು ರಾತ್ರಿ ತೆಗೆದು ನೋಡಿ. ಕಟ್ ಆಗ್ತಿದ್ರೆ ವಿಮಾ ನಂಬರು ಕೇಳಿ, ಇ-ಪೆಹಚಾನ್ ಕಾರ್ಡು ಕೇಳಿ. ಕೊಡದಿದ್ರೆ ನಮಗೆ ಹೇಳಿ, ಒಟ್ಟಿಗೆ ಹೋಗಿ ಕೇಳೋಣ.

ನಮ್ಮ ಬೇಡಿಕೆಗಳೂ ಸ್ಪಷ್ಟ ಇರಲಿ. ಪ್ರತಿ ನಮ್ಮ ಕ್ಲಿನಿಕ್‌ನಲ್ಲಿ ವಾರಕ್ಕೆ ಎರಡು ದಿನವಾದ್ರೂ ದಂತವೈದ್ಯರು, ಹಲ್ಲಿನ ಕುರ್ಚಿ ಇರಬೇಕು. ಸರ್ಕಾರಿ ದಂತ ಕಾಲೇಜಿನಲ್ಲಿ ಸಂಜೆ ಹೊತ್ತೂ ಹೊರರೋಗಿ ವಿಭಾಗ ನಡೀಬೇಕು. ದಂತಭಾಗ್ಯದೊಳಗೆ ರೂಟ್ ಕೆನಾಲ್ ಮತ್ತು ಕ್ಯಾಪ್ ಎರಡೂ ಸೇರಬೇಕು. ಕ್ಯಾಪ್ ಇಲ್ಲದ ಉಚಿತ ರೂಟ್ ಕೆನಾಲ್ ಅರ್ಧ ಚಿಕಿತ್ಸೆ. ಪೌರಕಾರ್ಮಿಕರು, ಗುತ್ತಿಗೆ ಸ್ವಚ್ಛತಾ ಕಾರ್ಮಿಕರ ಆರೋಗ್ಯ ತಪಾಸಣೆಯಲ್ಲಿ ಬಾಯಿ ತೆಗೆಸಿ ನೋಡಬೇಕು. ಚಿಕಿತ್ಸೆಗೆ ಹೋದ ಅರ್ಧ ದಿನಕ್ಕೆ ಸಂಬಳ ಕಟ್ ಆಗಬಾರದು. ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿರೋ ರಾಜ್ಯ ನಮ್ಮದು, ಅದರಲ್ಲಿ ಸರ್ಕಾರದವು ಬೆರಳೆಣಿಕೆಯಷ್ಟು. ಡಾಕ್ಟರುಗಳಿಗೆ ಬರ ಇಲ್ಲ. ನಮ್ಮ ಕೇರಿಗೆ ಅವರನ್ನ ಕಳಿಸೋ ಮನಸ್ಸಿಗೆ ಬರ.

ಈ ಬರಹದ ಕರಡನ್ನ ಒಬ್ಬ ಗೆಳೆಯನಿಗೆ ಓದಿಸಿದೆ. "ಒಳಮೀಸಲಾತಿ, ದೌರ್ಜನ್ಯ, ಭೂಮಿ, ಇಷ್ಟೆಲ್ಲ ಇರುವಾಗ ನೀನು ಹಲ್ಲಿನ ಬಗ್ಗೆ ಬರೀತೀಯಲ್ಲ ಮಾರಾಯ" ಅಂದ. ಅವನ ಮಾತು ತೆಗೆದುಹಾಕೋ ಹಾಗಿಲ್ಲ. ಆದರೆ ನಾನು ಒಂದು ವಾರ ನಿದ್ದೆ ಇಲ್ಲದೆ, ಒಂದು ಸಭೆಗೆ ಹೋಗಲಾಗದೆ, ಒಂದು ಸಭೆಯಲ್ಲಿ ಬಾಯಿ ತೆಗೆಯಲಾಗದೆ ಕೂತಿದ್ದೆ. ಕೈಯಲ್ಲಿ ಒಂದಿಷ್ಟು ದುಡ್ಡು, ರಜೆ ಎರಡೂ ಇದ್ದ ನನಗೇ ಹೀಗೆ. ಮೂರು ತಿಂಗಳು ನೋವಲ್ಲಿ ಕಸ ಗುಡಿಸಿದ ಅಕ್ಕನನ್ನ ನಾವು ಧರಣಿಗೆ ಬನ್ನಿ ಅಂತ ಕರೆದಿದ್ದೆವು. ಬರಲಿಲ್ಲ ಅಂತ ಬೇಜಾರೂ ಮಾಡ್ಕೊಂಡಿದ್ದೆವು. ಅವರ ಬಾಯಲ್ಲಿ ಏನಾಗ್ತಿದೆ ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಘೋಷಣೆ ಕೂಗೋಕೂ ಬಾಯಿ ಬೇಕಲ್ಲ. ನಮ್ಮ ಸಂಘಟನೆಗಳಲ್ಲಿ ಹಿರಿಯರು ದೇಹ ಸವೆಸಿದ್ದನ್ನ ತ್ಯಾಗ ಅಂತ ಹೊಗಳ್ತೀವಿ. ಬಾಬಾಸಾಹೇಬರು ಸಕ್ಕರೆ ಕಾಯಿಲೆಯಲ್ಲಿ ನರಳ್ತಾ 65ಕ್ಕೇ ಹೋದ್ರು. ಇನ್ನೂ ಹತ್ತು ವರ್ಷ ಇದ್ದಿದ್ರೆ ಅಂತ ಪ್ರತಿ ಡಿಸೆಂಬರ್ ಆರಕ್ಕೆ ಕೊರಗ್ತೀವಿ. ಕೊರಗೋದು ಸಾಕು, ಬದುಕಿರೋರ ದೇಹವನ್ನ ನೋಡ್ಕೊಳ್ಳೋಣ.

ಅಕ್ಕನ ಇನ್ನೊಂದು ಹಲ್ಲಿಗೆ ಮಾರ್ಕೆಟ್‌ನ ಸರ್ಕಾರಿ ಕಾಲೇಜಿನಲ್ಲಿ ಹೋದ ಶುಕ್ರವಾರ ತೋರಿಸಿದ್ವಿ. ಉಳಿಸಬಹುದು ಅಂದ್ರು. ಮೊದಲ ಸಲದ ಕೆಲಸ ಆಯ್ತು. ನಿನ್ನೆ ಸಿಕ್ಕಿದ್ರು. "ನೋವು ಹೋಯ್ತಣ್ಣ" ಅಂದ್ರು. ನಾನು ಏನಾದ್ರೂ ಹೇಳೋ ಮೊದಲೇ ಅವರೇ, "ಗೊತ್ತು ಗೊತ್ತು, ಬುಧವಾರ ಬರ್ತೀನಿ" ಅಂತ ನಕ್ಕರು. ಮೇಸ್ತ್ರಿ ಹತ್ತಿರ ಅರ್ಧ ದಿನ ರಜೆ ಕೇಳೋಕೆ ನಾವು ನಾಲ್ಕು ಜನ ಅವರ ಜೊತೆ ಹೋಗ್ತಿದೀವಿ. ನಿಮ್ಮ ಕಡೆಯೂ ಇಂಥ ಅಕ್ಕ, ಅಣ್ಣ ಇದ್ರೆ ಎರಡನೇ ಸಲಕ್ಕೆ ಜೊತೆಗೆ ಹೋಗಿ. ಮೊದಲನೇ ಸಲ ನೋವೇ ಕರ್ಕೊಂಡು ಹೋಗುತ್ತೆ. ಎರಡನೇ ಸಲಕ್ಕೆ ನಾವು ಬೇಕು.

ಜೈಭೀಮ್.